ಹೊಳೆಗೆ ಎದುರು, ಗಾಳಿಗೆ ಬೆನ್ನು: ಲ್ವಾರ್ ದಂಡೆಯಲ್ಲಿ ಒಂದು ದಿನದ ಸೈಕಲ್ ಸವಾರಿ

ಪ್ಯಾರಿಸ್‌ಗೆ ಬಂದವರು ಐಫೆಲ್ ಗೋಪುರ ಹತ್ತಿ, ಲೂವ್ರ್ ಮ್ಯೂಸಿಯಂನಲ್ಲಿ ಕಾಲು ನೋಯಿಸಿಕೊಂಡು, ಇನ್ನೊಂದು ದಿನ ಉಳಿದಿದೆ, ಏನು ಮಾಡೋಣ ಅಂತ ಕೇಳುತ್ತಾರೆ. ನಾನು ಹೇಳುವುದು ಒಂದೇ: ರೈಲು ಹತ್ತಿ ಲ್ವಾರ್ ನದಿಗೆ ಹೋಗಿ, ಒಂದು ಸೈಕಲ್ ಬಾಡಿಗೆಗೆ ತಗೊಳ್ಳಿ. ಸೈಕಲ್ ಹೊಡೆದು ಹದಿನೈದು ವರ್ಷ ಆಯಿತು ಅಂದರೂ ಪರವಾಗಿಲ್ಲ. ಇದು ರೇಸಲ್ಲ. ಇಡೀ ದಿನಕ್ಕೆ 40 ಕಿ.ಮೀ., ಅದೂ ನಡುವೆ ನಾಲ್ಕೈದು ಕಡೆ ಕೂತು ಎದ್ದು.

ಲ್ವಾರ್ ಫ್ರಾನ್ಸಿನ ಅತಿ ಉದ್ದದ ನದಿ, 1,000 ಕಿ.ಮೀ.ಗೂ ಸ್ವಲ್ಪ ಜಾಸ್ತಿ. ಅದರ ಪಕ್ಕದಲ್ಲೇ ಸುಮಾರು 900 ಕಿ.ಮೀ. ಸೈಕಲ್ ದಾರಿ ಇದೆ, ನೆವೇರ್ ಊರಿನ ಹತ್ತಿರದಿಂದ ಅಟ್ಲಾಂಟಿಕ್ ಸಮುದ್ರದವರೆಗೆ. ಹೆಸರು ‘ಲಾ ಲ್ವಾರ್ ಆ ವೆಲೋ’. ವೆಲೋ ಅಂದರೆ ಸೈಕಲ್. ಅಟ್ಲಾಂಟಿಕ್‌ನಿಂದ ಕಪ್ಪು ಸಮುದ್ರದವರೆಗೆ ಯೂರೋಪನ್ನು ಅಡ್ಡಕ್ಕೆ ದಾಟುವ ‘ಯೂರೋವೆಲೋ 6’ ಅನ್ನುವ ದಾರಿಯದೂ ಇದೇ ಭಾಗ. ಅಷ್ಟೆಲ್ಲ ನಮಗೆ ಬೇಡ. ಒಂದು ದಿನಕ್ಕೆ ಒಂದು ತುಂಡು ಸಾಕು. ನಾನು ಹೇಳುವ ತುಂಡು ಆಂಬ್ವಾಜ್‌ನಿಂದ ಶೋಮೋಂ ಮೂಲಕ ಬ್ಲ್ವಾ ಊರಿಗೆ. ಎರಡೂ ತುದಿಯಲ್ಲಿ ರೈಲ್ವೆ ಸ್ಟೇಷನ್, ಎರಡೂ ತುದಿಯಲ್ಲಿ ಕೋಟೆ ಅರಮನೆ, ನಡುವೆ ಇನ್ನೊಂದು.

ಊರಿನ ಹೆಸರುಗಳ ಬಗ್ಗೆ ಮೊದಲೇ ಒಂದು ಮಾತು. ಬೋರ್ಡಿನಲ್ಲಿ ಬರೆದಿರುವುದನ್ನು ನಮ್ಮ ಸ್ಕೂಲ್ ಇಂಗ್ಲಿಷಿನಲ್ಲಿ ಓದಿದರೆ ‘ಬ್ಲೋಯಿಸ್’, ‘ಆಂಬೋಯಿಸ್’, ‘ಚೌಮಾಂಟ್’ ಅಂತ ಬರುತ್ತದೆ. ಹಾಗೆ ಹೇಳಿ ದಾರಿ ಕೇಳಿದರೆ ಯಾರಿಗೂ ಅರ್ಥ ಆಗುವುದಿಲ್ಲ. ಬ್ಲ್ವಾ, ಆಂಬ್ವಾಜ್, ಶೋಮೋಂ ಅಂತ ಹೇಳಿ.

ಯಾವ ದಿಕ್ಕಿಗೆ ಹೋಗಬೇಕು

ಇದರಲ್ಲೇ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೆ. ಮೊದಲ ಸಲ ಹೋದಾಗ ನನ್ನ ಲೆಕ್ಕ ಸುಲಭವಾಗಿತ್ತು. ಹೊಳೆ ಹರಿಯುವ ಕಡೆಗೆ ಹೋದರೆ ಇಳಿಜಾರು, ಇಳಿಜಾರಾದರೆ ತುಳಿಯುವುದು ಕಡಿಮೆ. ಹಾಗಂತ ಬ್ಲ್ವಾದಿಂದ ಹೊರಟು, ಪಶ್ಚಿಮಕ್ಕೆ, 60 ಕಿ.ಮೀ.ಗೂ ಆಚೆ ಇರುವ ತೂರ್ ಊರಿಗೆ ಸಂಜೆಯೊಳಗೆ ಸೇರುತ್ತೇನೆ ಅಂತ ಹೊರಟೆ. ಮಧ್ಯಾಹ್ನದ ಹೊತ್ತಿಗೆ ಮುಖಕ್ಕೆ ಗಾಳಿ ಎಷ್ಟು ಹೊಡೆಯಿತು ಅಂದರೆ, ಸಮತಟ್ಟು ದಾರಿಯಲ್ಲೂ ಘಾಟಿ ಹತ್ತುವವನ ಹಾಗೆ ಏದುಸಿರು ಬಿಡುತ್ತಾ, ಕೊನೆಗೆ ಅರ್ಧ ದಾರಿಯಲ್ಲಿ ರೈಲು ಹತ್ತಿದೆ.

ಇಲ್ಲಿ ನದಿಯ ಇಳಿಜಾರು ಕಾಲಿಗೆ ಗೊತ್ತೇ ಆಗದಷ್ಟು ಕಡಿಮೆ. ಆದರೆ ಗಾಳಿ ಹೆಚ್ಚಿನ ದಿನ ಅಟ್ಲಾಂಟಿಕ್ ಕಡೆಯಿಂದ, ಅಂದರೆ ಪಶ್ಚಿಮದಿಂದ ಬೀಸುತ್ತದೆ. ಹಾಗಾಗಿ ಹೊಳೆಗೆ ಎದುರಾಗಿ, ಪೂರ್ವಕ್ಕೆ ಹೋಗಿ. ಆಂಬ್ವಾಜ್‌ನಿಂದ ಬ್ಲ್ವಾ ಕಡೆಗೆ ಹೋದರೆ ಗಾಳಿ ಬೆನ್ನಿಗೆ ಕೈ ಇಟ್ಟು ತಳ್ಳಿದ ಹಾಗಿರುತ್ತದೆ. ಪೂರ್ವದ ಗಾಳಿ ಬೀಸುವ ದಿನಗಳೂ ಉಂಟು. ಹಿಂದಿನ ರಾತ್ರಿ ಫೋನಿನಲ್ಲಿ ಹವಾಮಾನ ನೋಡುವಾಗ ಮಳೆ ಜೊತೆಗೆ ಗಾಳಿಯ ಬಾಣವನ್ನೂ ನೋಡಿ. ಬಾಣ ಉಲ್ಟಾ ಇದ್ದರೆ ಪ್ರಯಾಣವನ್ನೂ ಉಲ್ಟಾ ಮಾಡಿ, ರೈಲು ಎರಡೂ ಕಡೆ ಇದೆಯಲ್ಲ.

ಯಾವಾಗ

ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯದು. ಜುಲೈ, ಆಗಸ್ಟ್‌ನಲ್ಲಿ ಬಿಸಿಲು ಜಾಸ್ತಿ, ಜನವೂ ಜಾಸ್ತಿ. ಜೂನ್‌ನಲ್ಲಿ ರಾತ್ರಿ 9:30 ದಾಟಿದರೂ ಬೆಳಕಿರುತ್ತದೆ, ಅದಕ್ಕೇ ಅವಸರ ಬೇಡ ಅನ್ನುವುದು.

ವಾರದ ದಿನವೂ ಮುಖ್ಯ. ಭಾನುವಾರ ಬೆಳಿಗ್ಗೆ ಆಂಬ್ವಾಜ್‌ನಲ್ಲಿ ಹೊಳೆ ಪಕ್ಕ ದೊಡ್ಡ ಸಂತೆ ಸೇರುತ್ತದೆ. ಸಂತೆ ನೋಡಿಕೊಂಡು, ಬುತ್ತಿ ಕಟ್ಟಿಕೊಂಡು ಹೊರಡಬಹುದು. ಆದರೆ ಭಾನುವಾರ ಮಧ್ಯಾಹ್ನದ ಮೇಲೆ ಸಣ್ಣ ಊರುಗಳಲ್ಲಿ ಅಂಗಡಿ ಅನ್ನುವುದೇ ಇರುವುದಿಲ್ಲ. ಸೋಮವಾರ ಇನ್ನೂ ಕಷ್ಟ, ಬ್ರೆಡ್ ಅಂಗಡಿ, ಹೋಟೆಲು ಎಷ್ಟೋ ಕಡೆ ರಜೆ. ಸೋಮವಾರ ಬಿಟ್ಟುಬಿಡಿ.

ಸೈಕಲ್ ತಗೊಳ್ಳುವಾಗ

ಬಾಡಿಗೆ ಅಂಗಡಿಯಲ್ಲಿ ‘ವೆ-ತೆ-ಸೆ’ ಕೇಳಿ. ಎಲ್ಲ ಬಗೆಯ ದಾರಿಗೂ ಆಗುವ ಸಾದಾ ಗೇರ್ ಸೈಕಲ್ಲಿಗೆ ಅಲ್ಲಿ ಹೇಳುವ ಹೆಸರು ಅದು. ಬ್ಯಾಟರಿ ಸೈಕಲ್ ಕೂಡ ಸಿಗುತ್ತದೆ, ದುಡ್ಡು ಜಾಸ್ತಿ. ಮಂಡಿ ನೋವಿರುವವರು, ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಸಂಕೋಚ ಇಲ್ಲದೆ ಅದನ್ನೇ ತಗೊಳ್ಳಿ. ಈ ಕಣಿವೆಯಲ್ಲಿ ಒಂದು ಊರಲ್ಲಿ ಸೈಕಲ್ ತಗೊಂಡು ಇನ್ನೊಂದು ಊರಲ್ಲಿ ಬಿಡುವ ವ್ಯವಸ್ಥೆ ಇರುವ ಬಾಡಿಗೆಯವರಿದ್ದಾರೆ. ಅದಕ್ಕೆ ಮುಂಚೆಯೇ ಬುಕ್ ಮಾಡಬೇಕು, ಬಿಡುವ ಕಡೆ ಅಂಗಡಿ ಎಷ್ಟು ಹೊತ್ತಿಗೆ ಮುಚ್ಚುತ್ತದೆ ಅಂತ ಬರೆದುಕೊಳ್ಳಬೇಕು. ಸಂಜೆ 6 ಅಂದರೆ 6. ಐದು ನಿಮಿಷ ತಡವಾಯಿತು ಅಂತ ಶಟರ್ ಎತ್ತುವ ಪದ್ಧತಿ ಅಲ್ಲಿಲ್ಲ. ನನ್ನ ಸಲಹೆ ಕೇಳಿದರೆ, ಆಂಬ್ವಾಜ್‌ನಲ್ಲೇ ಎರಡು ದಿನಕ್ಕೆ ಬಾಡಿಗೆಗೆ ತಗೊಂಡು, ಸಂಜೆ ಸೈಕಲ್ ಸಮೇತ ರೈಲಿನಲ್ಲಿ ವಾಪಸ್ ಬಂದು, ಅಲ್ಲೇ ರಾತ್ರಿ ಉಳಿದು, ಮರುದಿನ ಬೆಳಿಗ್ಗೆ ಕೊಟ್ಟುಬಿಡಿ. ಗಡಿಯಾರ ನೋಡುತ್ತಾ ಸೈಕಲ್ ತುಳಿಯುವುದಕ್ಕಿಂತ ಒಂದು ದಿನದ ಬಾಡಿಗೆ ಜಾಸ್ತಿ ಕೊಡುವುದು ವಾಸಿ.

ಉಳಿಯುವ ಜಾಗ ಹುಡುಕುವಾಗ ‘ಆಕ್ಯೋಯ್ ವೆಲೋ’ ಅನ್ನುವ ಗುರುತಿದೆಯಾ ನೋಡಿ. ಸೈಕಲ್ ದಾರಿಯಿಂದ 5 ಕಿ.ಮೀ. ಒಳಗೆ ಇದ್ದು, ಸೈಕಲ್ ಇಡಲು ಬೀಗ ಹಾಕುವ ಜಾಗ ಮತ್ತು ರಿಪೇರಿ ಸಾಮಾನು ಇರುವ ಕಡೆಗಳಿಗೆ ಆ ಗುರುತು ಕೊಡುತ್ತಾರೆ.

ಇನ್ನು ಬ್ರೇಕು. ಇದನ್ನು ದಯವಿಟ್ಟು ಎರಡು ಸಲ ಓದಿ. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈ ಹಿಡಿದರೆ ಮುಂದಿನ ಚಕ್ರದ ಬ್ರೇಕು. ಅಲ್ಲಿ ಎಡಗೈ ಮುಂದಿನದು, ಬಲಗೈ ಹಿಂದಿನದು. ಅಭ್ಯಾಸಬಲದಲ್ಲಿ ‘ಹಿಂದಿನ ಬ್ರೇಕು’ ಅಂದುಕೊಂಡು ಎಡಗೈ ಗಟ್ಟಿಯಾಗಿ ಒತ್ತಿದರೆ ಮುಂದಿನ ಚಕ್ರ ಗಕ್ಕನೆ ನಿಂತು ನೀವು ಹ್ಯಾಂಡಲ್ ಮೇಲಿಂದ ಹಾರುತ್ತೀರಿ. ನಾನು ಹಾರಲಿಲ್ಲ, ಆದರೆ ಹಿಂದಿನ ಚಕ್ರ ನೆಲ ಬಿಟ್ಟು ಎದ್ದದ್ದು ಮಾತ್ರ ಇವತ್ತಿಗೂ ಮರೆತಿಲ್ಲ. ಅಂಗಡಿ ಮುಂದೆ ಖಾಲಿ ಜಾಗದಲ್ಲಿ ಐದು ನಿಮಿಷ ಸುಮ್ನೆ ಸುತ್ತು ಹಾಕಿ, ಕೈಗೆ ಗೊತ್ತಾಗುವವರೆಗೆ.

ಟ್ಯೂಬಿನ ವಾಲ್ವ್ ಕೂಡ ಬೇರೆ ಇರಬಹುದು. ಸಣ್ಣ ಕಡ್ಡಿಯಂಥ ವಾಲ್ವ್ ಇದ್ದರೆ ತುದಿಯ ಪುಟ್ಟ ತಿರುಪನ್ನು ಸಡಿಲ ಮಾಡಿದ ಮೇಲೇ ಗಾಳಿ ಹೋಗುವುದು. ಅಂಗಡಿಯವರು ಕೊಡುವ ಪಂಪು ಅದಕ್ಕೆ ಹಿಡಿಯುತ್ತದಾ ಅಂತ ಅಲ್ಲೇ ಹಾಕಿ ನೋಡಿ. ಜೊತೆಗೆ ಒಂದು ಟ್ಯೂಬು, ಟೈರ್ ಬಿಡಿಸುವ ಪ್ಲಾಸ್ಟಿಕ್ ಕಡ್ಡಿಗಳು, ಗಟ್ಟಿ ಬೀಗ ಕೇಳಿ ತಗೊಳ್ಳಿ. ಪಂಕ್ಚರ್ ಅಂಗಡಿ ನಮ್ಮ ಹಾಗೆ ತಿರುವಿಗೊಂದು ಇರುವುದಿಲ್ಲ. ಟ್ಯೂಬು ಬದಲಾಯಿಸಲು ಬರದಿದ್ದರೆ ಹೊರಡುವ ಮುಂಚೆ ಮನೆಯಲ್ಲಿ ಒಂದು ಸಲ ಮಾಡಿ ನೋಡಿ. ಸೀಟಿನ ಎತ್ತರ: ಪೆಡಲ್ ಕೆಳಗಿದ್ದಾಗ ಕಾಲು ಪೂರ್ತಿ ಚಾಚದೆ ಮಂಡಿ ಸ್ವಲ್ಪ ಮಡಿಸಿರಬೇಕು. ಇಷ್ಟು ಮಾಡಿದರೆ ಸಂಜೆ ಮಂಡಿ ನಿಮ್ಮನ್ನು ಬೈಯುವುದಿಲ್ಲ.

ಚೀಲದಲ್ಲಿ ಏನು

ಬೆನ್ನಿಗೆ ಚೀಲ ಹಾಕಬೇಡಿ, ಬೆವರಿ ಹೈರಾಣಾಗುತ್ತೀರಿ. ಹಿಂದಿನ ಚಕ್ರದ ಎರಡು ಪಕ್ಕಕ್ಕೆ ತೂಗುಹಾಕುವ ಚೀಲವನ್ನು ಅಂಗಡಿಯಲ್ಲೇ ಕೊಡುತ್ತಾರೆ, ‘ಸಕೋಶ್’ ಅಂತ ಕೇಳಿ. ಅದರಲ್ಲಿ ತೆಳ್ಳನೆಯ ಮಳೆ ಜಾಕೆಟ್, ಎರಡು ಬಾಟಲ್ ನೀರು, ಟೋಪಿ, ಸನ್‌ಸ್ಕ್ರೀನ್, ಒಂದು ಸಣ್ಣ ಚಾಕು, ಕೂರಲು ಒಂದು ಹಳೇ ಪಂಚೆ ಅಥವಾ ಟವೆಲ್. ಪಂಚೆ ಅಂದಿದ್ದಕ್ಕೆ ನಗಬೇಡಿ, ಹುಲ್ಲಿನ ಮೇಲೆ ಹಾಸಲು, ತಲೆಗೆ ಸುತ್ತಲು, ಕೈ ಒರೆಸಲು ಅದರಷ್ಟು ಒದಗುವ ಬಟ್ಟೆ ಇನ್ನೊಂದಿಲ್ಲ.

ಆಮೇಲೆ ಚಟ್ನಿಪುಡಿ. ಇದು ಕಡ್ಡಾಯ. ಊರಿಂದ ಬರುವಾಗ ಒಂದು ಸಣ್ಣ ಡಬ್ಬಿ ಇಟ್ಟುಕೊಳ್ಳಿ, ಯಾಕೆ ಅಂತ ಊಟದ ಹೊತ್ತಿಗೆ ಹೇಳುತ್ತೇನೆ. ಆದರೆ ಪೇಡ, ತುಪ್ಪ ತರಬೇಡಿ. ಯೂರೋಪಿಯನ್ ಒಕ್ಕೂಟದೊಳಗೆ ಹೊರಗಿನಿಂದ ಹಾಲಿನ ಮತ್ತು ಮಾಂಸದ ಪದಾರ್ಥ ಸ್ವಂತಕ್ಕೂ ತರುವಂತಿಲ್ಲ. ಧಾರವಾಡದ ಪೇಡ ಕಸ್ಟಮ್ಸ್‌ನವರ ಕಸದ ಬುಟ್ಟಿಗೆ ಬೀಳುವುದು ಯಾರಿಗೆ ಬೇಕು?

ಬೆಳಿಗ್ಗೆ: ಆಂಬ್ವಾಜ್

ಪ್ಯಾರಿಸ್‌ನ ಓಸ್ತರ್ಲಿತ್ಸ್ ಸ್ಟೇಷನ್ನಿಂದ ಓರ್ಲೆಆಂ, ಬ್ಲ್ವಾ ಮೇಲೆ ತೂರ್ ಕಡೆಗೆ ಹೋಗುವ ರೈಲುಗಳಿವೆ, ಆಂಬ್ವಾಜ್‌ಗೆ ಎರಡು ಗಂಟೆ ಆಸುಪಾಸು. ಇಲ್ಲದಿದ್ದರೆ ಮೋಂಪರ್ನಾಸ್ ಸ್ಟೇಷನ್ನಿಂದ ವೇಗದ ರೈಲಿನಲ್ಲಿ ತೂರ್ ಪಕ್ಕದ ಸೇಂಟ್-ಪಿಯೆರ್-ದೆ-ಕೋರ್‌ಗೆ ಸುಮಾರು ಒಂದು ಗಂಟೆ, ಅಲ್ಲಿಂದ ಲೋಕಲ್ ರೈಲು. ಹಿಂದಿನ ಸಂಜೆಯೇ ಬಂದು ಆಂಬ್ವಾಜ್‌ನಲ್ಲಿ ಮಲಗಿದರೆ ಎಲ್ಲಕ್ಕಿಂತ ಆರಾಮ.

ಸ್ಟೇಷನ್ ಹೊಳೆಯ ಉತ್ತರ ದಂಡೆಯಲ್ಲಿದೆ, ಊರು ದಕ್ಷಿಣ ದಂಡೆಯಲ್ಲಿ. ನಡುವೆ ಒಂದು ದ್ವೀಪ. ಸೇತುವೆ ದಾಟುವಾಗಲೇ ಎದುರಿಗೆ ಬಂಡೆಯ ಮೇಲೆ ಕೋಟೆ ಕಾಣುತ್ತದೆ, ಫೋಟೋ ಅಲ್ಲೇ ತೆಗೆದುಕೊಳ್ಳಿ.

ಬೆಳಿಗ್ಗೆ ಒಂದೂವರೆ ಗಂಟೆ ಈ ಊರಿಗೆ ಕೊಡಿ. ಎಂಟನೇ ಶಾರ್ಲ್ ಅನ್ನುವ ರಾಜ 1498ರಲ್ಲಿ ಇದೇ ಕೋಟೆಯಲ್ಲಿ ಬಾಗಿಲ ಮೇಲಿನ ಕಲ್ಲಿಗೆ ತಲೆ ಬಡಿದುಕೊಂಡು ಸತ್ತ. ನಿಜವಾಗಿ. ಮಲೆನಾಡಿನ ಹಳೇ ಮನೆಗಳಲ್ಲಿ ‘ತಲೆ ತಗ್ಗಿಸಿ ಬಾರಪ್ಪಾ’ ಅಂತ ಅಜ್ಜಿ ಕೂಗುತ್ತಿದ್ದದ್ದು ನೆನಪಾಯಿತು ನನಗೆ. ಲಿಯೊನಾರ್ಡೊ ಡಾ ವಿಂಚಿಯ ಸಮಾಧಿಯೂ ಈ ಕೋಟೆಯೊಳಗಿನ ಪುಟ್ಟ ಚಾಪೆಲ್‌ನಲ್ಲೇ ಇದೆ. ದೊರೆ ಮೊದಲನೇ ಫ್ರಾನ್ಸ್ವಾ ಕರೆದ ಅಂತ 1516ರಲ್ಲಿ ಇಟಲಿಯಿಂದ ಬಂದು, ಹತ್ತಿರದ ಕ್ಲೋ ಲ್ಯುಸೆ ಮನೆಯಲ್ಲಿದ್ದು, 1519ರ ಮೇ 2ರಂದು ತೀರಿಕೊಂಡ. ಬರುವಾಗ ಜೊತೆಗೆ ತಂದಿದ್ದ ಚಿತ್ರಗಳಲ್ಲಿ ಮೋನಾ ಲಿಸಾ ಕೂಡ ಒಂದು. ಲೂವ್ರ್‌ನಲ್ಲಿ ನೀವು ಜನರ ತಲೆಗಳ ಸಂದಿಯಲ್ಲಿ ನೋಡಿದಿರಲ್ಲ, ಅದು ಫ್ರಾನ್ಸಿಗೆ ಬಂದದ್ದು ಹೀಗೆ. ಕ್ಲೋ ಲ್ಯುಸೆ ಪೂರ್ತಿ ನೋಡಲು ಕೂತರೆ ಅರ್ಧ ದಿನ ಹೋಗುತ್ತದೆ, ಅದನ್ನು ಮರುದಿನಕ್ಕೆ ಇಟ್ಟುಕೊಳ್ಳಿ.

ಬುತ್ತಿ ಕಟ್ಟುವುದು ಹೊರಡುವ ಮುಂಚೆ

ಫ್ರಾನ್ಸಿನ ಹಳ್ಳಿಗಳಲ್ಲಿ ಊಟದ ಹೊತ್ತು ಅನ್ನುವುದು ಒಂದು ಕಾನೂನು. ಮಧ್ಯಾಹ್ನ 12:30ರ ಆಚೀಚೆ ಅಂಗಡಿ ಮುಚ್ಚಿದರೆ 2:30, 3ರವರೆಗೆ ತೆಗೆಯುವುದಿಲ್ಲ. ಹೋಟೆಲಿನಲ್ಲಿ 12ರಿಂದ 1:30ರೊಳಗೆ ಕೂತರೆ ಊಟ. 2 ಗಂಟೆಗೆ ಹೋಗಿ ‘ಏನಾದ್ರೂ ಸಿಗತ್ತಾ’ ಅಂದರೆ ಅಡುಗೆಮನೆ ಮುಚ್ಚಿದೆ ಅನ್ನುತ್ತಾರೆ, ಕಾಫಿ ಕೊಡುತ್ತಾರೆ. ನಮ್ಮ ದರ್ಶಿನಿ ಇದ್ದ ಹಾಗಲ್ಲ. ಆದ್ದರಿಂದ ಬುತ್ತಿ ಆಂಬ್ವಾಜ್‌ನಲ್ಲೇ ಕಟ್ಟಿಕೊಳ್ಳಿ.

ಅಂಗಡಿಗೆ ಕಾಲಿಟ್ಟ ತಕ್ಷಣ ‘ಬೋಂಜೂರ್’ ಅನ್ನಿ. ಸೀದಾ ‘ಹೌ ಮಚ್’ ಅಂದರೆ ಅವರಿಗೆ ಒರಟು ಅನ್ನಿಸುತ್ತದೆ. ಒಂದು ಬೋಂಜೂರ್ ಅಂದು ನೋಡಿ, ಅರ್ಧ ಕೆಲಸ ಆಯಿತು.

ಸಸ್ಯಾಹಾರಿಗಳಿಗೆ ಸ್ವಲ್ಪ ವಿವರ ಬೇಕು. ಬಾಗೆತ್ ಬ್ರೆಡ್ಡು, ಟೊಮೇಟೊ, ಹಣ್ಣು, ಬೆಣ್ಣೆ ತೊಂದರೆ ಇಲ್ಲ. ‘ಕೀಶ್ ಲೊರೇನ್’ ಅನ್ನುವ ಖಾರದ ಕಡುಬಿನಲ್ಲಿ ಹಂದಿ ಮಾಂಸದ ಚೂರು ಇರುತ್ತದೆ. ‘ರಿಯೆತ್’ ಈ ಕಡೆಯ ಹೆಸರಾಂತ ತಿನಿಸು, ಅದೂ ಹಂದಿಯದೇ. ಹೋಟೆಲಿನಲ್ಲಿ ಮೇಕೆ ಚೀಸ್ ಸಲಾಡ್ ಹೇಳಿದರೂ ‘ಸಾಂ ಲಾರ್ದೋಂ’, ಅಂದರೆ ಮಾಂಸದ ಚೂರು ಬೇಡ, ಅಂತ ಸೇರಿಸಿ ಹೇಳಿ.

ಈ ಸೀಮೆಯ ಮೇಕೆ ಚೀಸ್ ಬಹಳ ಚೆನ್ನಾಗಿರುತ್ತದೆ. ‘ಸೇಂತ್-ಮೋರ್ ದ ತೂರೇನ್’ ಅನ್ನುವುದು ಮರದ ತುಂಡಿನ ಆಕಾರದ್ದು, ಮೇಲೆ ಬೂದಿ ಬಣ್ಣ, ಒಳಗೆ ಮಲ್ಲಿಗೆ ಬಿಳುಪು. ನಡುವೆ ಉದ್ದಕ್ಕೆ ಒಂದು ರೈ ಹುಲ್ಲಿನ ಕಡ್ಡಿ ತೂರಿಸಿರುತ್ತಾರೆ. ಕಡ್ಡಿಯ ಮೇಲೆ ಅಕ್ಷರ ಕೆತ್ತಿದ್ದರೆ ಅಸಲಿ. ಕಡ್ಡಿ ತಿನ್ನಲಿಕ್ಕಲ್ಲ, ಎಳೆದು ತೆಗೆಯಿರಿ. ಒಂದು ಎಚ್ಚರಿಕೆ: ಇಂಥ ಸಾಂಪ್ರದಾಯಿಕ ಚೀಸ್‌ಗಳಲ್ಲಿ ಹಾಲು ಒಡೆಯಲು ಎಳೆಗರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸುವುದು ಸಾಮಾನ್ಯ. ಅದು ನಿಮಗೆ ಆಗುವುದಿಲ್ಲ ಅಂದರೆ ಚೀಸ್ ಬಿಟ್ಟು ಬೆಣ್ಣೆ ಹಚ್ಚಿಕೊಳ್ಳಿ. ನಾನು ತಿನ್ನುತ್ತೇನೆ, ನಮ್ಮಮ್ಮನಿಗೆ ಹೇಳಿಲ್ಲ.

ಬಾಗೆತ್ ಸೀಳಿ, ಚೀಸೋ ಬೆಣ್ಣೆಯೋ ಹಚ್ಚಿ, ಟೊಮೇಟೊ ಹೋಳು ಇಟ್ಟು, ಮೇಲೆ ಚಟ್ನಿಪುಡಿ ಉದುರಿಸಿ. ಡಬ್ಬಿ ಯಾಕೆ ತರಲು ಹೇಳಿದೆ ಅಂತ ಈಗ ಗೊತ್ತಾಯಿತಲ್ಲ.

ದಾರಿಗೆ ಬಿದ್ದ ಮೇಲೆ

ಒಂಬತ್ತೂವರೆ ಹತ್ತಕ್ಕೆ ಆಂಬ್ವಾಜ್ ಬಿಡಿ. ಬಿಳಿ ಹಲಗೆಯ ಮೇಲೆ ಹಸಿರು ಸೈಕಲ್ ಗುರುತಿರುವ ಸಣ್ಣ ಫಲಕಗಳನ್ನು ಹಿಡಿದು ಹೋಗಿ, ಶಾರ್ಜೆ, ಮೋನ್, ರಿಯಿ ಅನ್ನುವ ಹಳ್ಳಿಗಳು ಒಂದಾದ ಮೇಲೊಂದು ಬರುತ್ತವೆ. ದಾರಿ ದಕ್ಷಿಣ ದಂಡೆಯಲ್ಲೇ ಇರುತ್ತದೆ. ಫಲಕ ಕಾಣದೆ ಒಂದು ಕಿ.ಮೀ. ಹೋದಿರಿ ಅಂದರೆ ತಿರುವು ತಪ್ಪಿದೆ ಅಂತ ಅರ್ಥ, ಹಿಂದೆ ಬನ್ನಿ. ಫೋನಿನಲ್ಲಿ ನಕ್ಷೆ ಮೊದಲೇ ಇಳಿಸಿಕೊಂಡಿರಿ.

ಈ ತುಂಡು ಪೂರ್ತಿ ಸಮತಟ್ಟಲ್ಲ. ದ್ರಾಕ್ಷಿ ತೋಟಗಳ ನಡುವೆ ಸ್ವಲ್ಪ ಏರಿಳಿತ ಇದೆ. ಏರು ಬಂದರೆ ಗೇರ್ ಇಳಿಸಿ, ಆಗದಿದ್ದರೆ ಇಳಿದು ತಳ್ಳಿ. ತಳ್ಳುವುದರಲ್ಲಿ ಯಾವ ಮಾನವೂ ಹೋಗುವುದಿಲ್ಲ. ದಾರಿಯ ಪಕ್ಕದ ಬಿಳಿ ಬಂಡೆಗಳಲ್ಲಿ ಬಾಗಿಲು, ಕಿಟಕಿ ಕಂಡರೆ ಬೆರಗಾಗಬೇಡಿ. ತ್ಯುಫೋ ಅನ್ನುವ ಮೆತ್ತನೆಯ ಸುಣ್ಣಕಲ್ಲು ಅದು. ಇಲ್ಲಿನ ಅರಮನೆಗಳನ್ನು ಕಟ್ಟಲು ಕಲ್ಲು ತೆಗೆದ ಗವಿಗಳಲ್ಲಿ ಜನ ಮನೆ ಮಾಡಿಕೊಂಡರು, ವೈನ್ ಪೀಪಾಯಿ ಇಟ್ಟರು. ಈಗಲೂ ಇಟ್ಟಿದ್ದಾರೆ. ರುಚಿ ನೋಡಿ ಅಂತ ಕರೆಯುವ ಬೋರ್ಡುಗಳೂ ಇವೆ. ಒಂದು ಗುಟುಕಿಗೆ ನಿಲ್ಲಿಸಿ, ಯಾಕೆಂದರೆ ಕುಡಿದು ಓಡಿಸಬಾರದು ಅನ್ನುವ ಮಿತಿ, ರಕ್ತದಲ್ಲಿ ಲೀಟರಿಗೆ 0.5 ಗ್ರಾಂ, ಸೈಕಲ್ಲಿಗೂ ಉಂಟು.

ಉಳಿದ ನಿಯಮಗಳನ್ನೂ ಇಲ್ಲೇ ಹೇಳಿಬಿಡುತ್ತೇನೆ. ಬಲಗಡೆ ಹೋಗಬೇಕು. ಬೆಳಿಗ್ಗೆ ನೆನಪಿರುತ್ತದೆ, ಊಟ ಆದ ಮೇಲೆ ಖಾಲಿ ರಸ್ತೆಗೆ ಇಳಿಯುವಾಗ ಮರೆತು ಎಡಕ್ಕೆ ಹೋಗುತ್ತೇವೆ. ಅಡ್ಡರಸ್ತೆಯಲ್ಲಿ ಯಾವ ಫಲಕವೂ ಇಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ, ಅವರು ಎಷ್ಟೇ ಸಣ್ಣ ಓಣಿಯಿಂದ ಬಂದರೂ ಸರಿ. ಕಿವಿಗೆ ಇಯರ್‌ಫೋನ್ ಹಾಕುವಂತಿಲ್ಲ, 2015ರಿಂದ ಅದಕ್ಕೆ ದಂಡ. ಹೆಲ್ಮೆಟ್ 12 ವರ್ಷದೊಳಗಿನ ಮಕ್ಕಳಿಗೆ ಕಡ್ಡಾಯ, ದೊಡ್ಡವರಿಗೆ ಕಡ್ಡಾಯ ಅಲ್ಲ. ಆದರೂ ಹಾಕಿ. ಬೆಲ್ಲು, ಲೈಟು ಇರಲೇಬೇಕು. ಕತ್ತಲಾದ ಮೇಲೆ ಊರ ಹೊರಗೆ ಹೊಳೆಯುವ ಜಾಕೆಟ್ ಕೂಡ ಬೇಕು. ಏನಾದರೂ ಅನಾಹುತ ಆದರೆ 112ಕ್ಕೆ ಫೋನ್ ಮಾಡಿ.

ನೀರು ಖಾಲಿಯಾದರೆ? ಇದು ಫ್ರಾನ್ಸಿನ ಸೈಕಲ್ ಜನರ ಹಳೇ ಉಪಾಯ: ಸ್ಮಶಾನಕ್ಕೆ ಹೋಗಿ. ಪ್ರತಿ ಹಳ್ಳಿಯ ಸ್ಮಶಾನದಲ್ಲೂ ಸಮಾಧಿಯ ಹೂಗಿಡಗಳಿಗೆ ಹಾಕಲು ನಲ್ಲಿ ಇರುತ್ತದೆ, ಸಾಮಾನ್ಯವಾಗಿ ಅದು ಊರಿನ ಕುಡಿಯುವ ನೀರೇ. ‘ನೋಂ ಪೊತಾಬ್ಲ್’ ಅಂತ ಬೋರ್ಡಿದ್ದರೆ ಮಾತ್ರ ಕುಡಿಯಬೇಡಿ. ಮೊದಲ ಸಲ ಗೇಟು ತಳ್ಳುವಾಗ ನನಗೂ ಒಂಥರಾ ಆಯಿತು. ಬಾಟಲ್ ತುಂಬಿಸಿಕೊಂಡು, ಗೇಟು ಹಾಕಿ, ಮನಸ್ಸಲ್ಲೇ ಒಂದು ನಮಸ್ಕಾರ ಹೇಳಿ ಹೊರಟೆ.

ಹೊಳೆ ಕಂಡಾಗ

ಸೈಕಲ್ ದಾರಿ ಎಷ್ಟೋ ಕಡೆ ಹೊಳೆಯ ಏರಿಯ ಮೇಲೇ ಹೋಗುತ್ತದೆ. ನಮ್ಮ ಕೆರೆ ಏರಿ ಮೇಲೆ ಹೋದ ಹಾಗೇ, ಒಂದು ಕಡೆ ನೀರು, ಇನ್ನೊಂದು ಕಡೆ ತಗ್ಗಿನಲ್ಲಿ ಹೊಲ ಮತ್ತು ಮನೆ. ಪ್ರವಾಹ ತಡೆಯಲು ಮಧ್ಯಯುಗದಿಂದ ಕಟ್ಟುತ್ತಾ, ಎತ್ತರಿಸುತ್ತಾ ಬಂದ ಏರಿಗಳಿವು. ಆದರೂ 1846, 1856, 1866ರಲ್ಲಿ, ಹೇಳಿಮಾಡಿಸಿದ ಹಾಗೆ ಹತ್ತು ಹತ್ತು ವರ್ಷಕ್ಕೆ, ಲ್ವಾರ್ ಉಕ್ಕಿತು. ಹಳೇ ಗೋಡೆ, ಸೇತುವೆಗಳ ಮೇಲೆ ಆ ವರ್ಷ ಕೆತ್ತಿದ ಗೆರೆ ಕಂಡರೆ ಪಕ್ಕ ನಿಂತು ನೋಡಿ, ನಿಮ್ಮ ತಲೆಗಿಂತ ಮೇಲಿರಬಹುದು.

ಬೇಸಿಗೆಯಲ್ಲಿ ಇದೇ ಹೊಳೆಯನ್ನು ನೋಡಿದರೆ ನಂಬುವುದು ಕಷ್ಟ. ನೀರು ಸಣ್ಣ ಸಣ್ಣ ಕವಲಾಗಿ, ನಡುವೆ ಬಂಗಾರದ ಬಣ್ಣದ ಮರಳ ದಿಬ್ಬಗಳು. ಮಂಡಿಯುದ್ದ ನೀರಿದೆ, ದಾಟಿ ದಿಬ್ಬಕ್ಕೆ ಹೋಗಿ ಕೂರೋಣ ಅನ್ನಿಸುತ್ತದೆ. ಬೇಡ. ಮರಳು ಕಾಲಡಿಯಲ್ಲಿ ಸರಿಯುತ್ತದೆ, ಗುಂಡಿ ಎಲ್ಲಿದೆ ಗೊತ್ತಾಗುವುದಿಲ್ಲ, ಸೆಳೆತ ಮೇಲೆ ಕಾಣುವುದಿಲ್ಲ. ಕಾವೇರಿ, ತುಂಗಭದ್ರೆ ದಂಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೊತೆಗೆ ಆ ದಿಬ್ಬಗಳ ಮೇಲೆ ರೀವ ಹಕ್ಕಿಗಳು ಬರೀ ಮರಳಲ್ಲೇ ಮೊಟ್ಟೆ ಇಡುತ್ತವೆ. ದಂಡೆಯಲ್ಲೇ ಕೂತು ಹಕ್ಕಿ ನೋಡಿ. ಚಪ್ಪಟೆ ತಳದ ಮರದ ದೋಣಿಗಳು ಕಟ್ಟಿ ಹಾಕಿರುತ್ತವೆ, ಕೆಲವರು ಸುತ್ತಾಡಿಸುತ್ತಾರೆ.

ಮಧ್ಯಾಹ್ನ: ಶೋಮೋಂ

ಇಪ್ಪತ್ತು ಕಿ.ಮೀ. ಆಗುವ ಹೊತ್ತಿಗೆ ಶೋಮೋಂ. ಕೆಳಗೆ ಹೊಳೆ ಪಕ್ಕ ಒಂದೇ ಬೀದಿಯ ಊರು, ಮೇಲೆ ಗುಡ್ಡದ ತುದಿಗೆ ಅರಮನೆ. ಹೊಳೆ ದಂಡೆಯ ಹುಲ್ಲಿನಲ್ಲಿ ಪಂಚೆ ಹಾಸಿ ಬುತ್ತಿ ಬಿಚ್ಚಿ. ತಿಂದು, ಒಂದರ್ಧ ಗಂಟೆ ಮಲಗಿ. ಇದೂ ಕಾರ್ಯಕ್ರಮದ ಭಾಗ.

ಆಮೇಲೆ ಸೈಕಲ್ಲಿಗೆ ಬೀಗ ಹಾಕಿ ಮೇಲೆ ಹತ್ತಿ. ರಾಜ ಎರಡನೇ ಆಂರಿ 1559ರಲ್ಲಿ ಸತ್ತ ಮೇಲೆ, ರಾಣಿ ಕ್ಯಾಥರೀನ್ ಗಂಡನ ಪ್ರೇಯಸಿ ದಿಯಾನ್‌ಳಿಂದ ಚಂದದ ಶೆನೊನ್ಸೋ ಅರಮನೆ ಕಿತ್ತುಕೊಂಡು, ಬದಲಿಗೆ ಇದನ್ನು ಕೊಟ್ಟಳು. ಸವತಿ ಮತ್ಸರದ ಕತೆ ಎಲ್ಲ ಊರಲ್ಲೂ ಒಂದೇ. ನನಗೆ ಹೆಚ್ಚು ಹಿಡಿಸಿದ್ದು ಮಾತ್ರ ಇಲ್ಲಿನ ಲಾಯ. 1875ರಲ್ಲಿ ಈ ಜಾಗ ಕೊಂಡ ಮಾರಿ ಸೇ ಸಕ್ಕರೆ ವ್ಯಾಪಾರಿಯ ಮಗಳು, ಕೈತುಂಬ ದುಡ್ಡು. ಕುದುರೆಗಳಿಗೆ ಅರಮನೆಯಂಥ ಲಾಯ ಕಟ್ಟಿಸಿದಳು. ಅವಳು, ಅವಳ ಗಂಡ ಭಾರತಕ್ಕೆ ಬಂದಿದ್ದಾಗ ಕಪೂರ್ತಲದ ಮಹಾರಾಜರು ಒಂದು ಆನೆಯನ್ನೇ ಉಡುಗೊರೆ ಕೊಟ್ಟರು. ಆ ಆನೆ ಇಲ್ಲಿಗೆ ಬಂದು, ಈ ಹೊಳೆಯ ಪಕ್ಕದ ಗುಡ್ಡದ ಮೇಲೆ ಬಾಳಿತು. ಚಳಿಗಾಲದಲ್ಲಿ ಅದರ ಪಾಡೇನು ಅಂತ ಯೋಚಿಸುತ್ತಾ ನಾನು ಲಾಯದಲ್ಲಿ ಬಹಳ ಹೊತ್ತು ನಿಂತಿದ್ದೆ.

ಏಪ್ರಿಲ್ ಕೊನೆಯಿಂದ ನವೆಂಬರ್ ಶುರುವಿನವರೆಗೆ ಇಲ್ಲಿ ಉದ್ಯಾನ ಉತ್ಸವ ಇರುತ್ತದೆ, 1992ರಿಂದ ಪ್ರತಿ ವರ್ಷ. ಒಂದು ವಿಷಯ ಕೊಡುತ್ತಾರೆ, ಬೇರೆ ಬೇರೆ ದೇಶದವರು ಬಂದು ಪುಟ್ಟ ತೋಟ ಮಾಡಿ ತೋರಿಸುತ್ತಾರೆ. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದ ಹಾಗಲ್ಲ, ಇದು ತಲೆ ಓಡಿಸಿ ಮಾಡಿದ ಕಿಲಾಡಿ ತೋಟಗಳು. ಎರಡು ಗಂಟೆ ಬೇಕೇ ಬೇಕು. ನಾಲ್ಕು ಗಂಟೆಗೆ ಇಲ್ಲಿಂದ ಹೊರಟರೆ ಸಾಕು.

ಸುಸ್ತಾಗಿದ್ದರೆ, ಮಳೆ ಹಿಡಿದರೆ, ಅಥವಾ ಜೊತೆಗಿದ್ದವರು ಮುಖ ಊದಿಸಿದರೆ ಇಲ್ಲೇ ನಿಲ್ಲಿಸಬಹುದು. ಸೇತುವೆ ದಾಟಿ ಉತ್ತರ ದಂಡೆಗೆ ಹೋದರೆ ಓಂಜಾಂ ಸ್ಟೇಷನ್, ಅಲ್ಲಿಂದ ಬ್ಲ್ವಾ ಕಡೆಗೂ ಆಂಬ್ವಾಜ್ ಕಡೆಗೂ ಲೋಕಲ್ ರೈಲು. ಅರ್ಧ ದಾರಿಗೆ ವಾಪಸ್ ಹೋದರೆ ಯಾರೂ ನಗುವುದಿಲ್ಲ.

ಸಂಜೆ: ಬ್ಲ್ವಾ ಕಡೆಗೆ

ಮುಂದಿನ ಇಪ್ಪತ್ತು ಕಿ.ಮೀ. ಬಗ್ಗೆ ಹೇಳಲು ಹೆಚ್ಚಿಲ್ಲ. ಕಾಂದೆ ಅನ್ನುವ ಹಳ್ಳಿಯಲ್ಲಿ ಬ್ಯೂವ್ರೋಂ ಅನ್ನುವ ಸಣ್ಣ ಹೊಳೆ ಬಂದು ಲ್ವಾರ್ ಸೇರುತ್ತದೆ, ನಿಲ್ಲಲು ಒಳ್ಳೆಯ ಜಾಗ. ಬೇಸಿಗೆಯಲ್ಲಿ ದಂಡೆಯಲ್ಲಿ ಅಲ್ಲಲ್ಲಿ ‘ಗ್ಯಾಂಗೆತ್’ ತೆರೆದಿರುತ್ತವೆ. ಮರದಡಿ ಬೆಂಚು, ತಂಪು ಪಾನೀಯ, ಕೆಲವು ಸಂಜೆ ಹಾಡು ಕುಣಿತ. ಎಲ್ಲಾದರೂ ‘ಫುಯೆ’ ಅಂತ ಬರೆದಿದ್ದರೆ ಬಿಡಬೇಡಿ. ಸೌದೆ ಒಲೆಯಲ್ಲಿ ಪೂರಿಯ ಹಾಗೆ ಉಬ್ಬಿದ ಪುಟ್ಟ ಬ್ರೆಡ್ಡು, ಬಿಸಿಬಿಸಿ ಸೀಳಿ ಒಳಗೆ ಏನಾದರೂ ತುಂಬಿ ಕೊಡುತ್ತಾರೆ. ಮಾಂಸದ ಬದಲು ಮೇಕೆ ಚೀಸೋ ಬೆಣ್ಣೆಯೋ ಕೇಳಿ. ಚಟ್ನಿಪುಡಿ ಉಳಿದಿದ್ದರೆ ಈಗ ಮುಗಿಸಿ.

ಬ್ಲ್ವಾ ಊರು ಎದುರು ದಂಡೆಯಿಂದ ನೋಡಿದಾಗಲೇ ಚಂದ. ನೀಲಿ ಬೂದು ಬಣ್ಣದ ಕಲ್ಲುಹಲಗೆಯ ಮಾಡುಗಳು, ಮೇಲೆ ಚರ್ಚಿನ ಗೋಪುರ, ಕೆಳಗೆ ಕಮಾನು ಸೇತುವೆ. ಆ ಸೇತುವೆ 1724ರಲ್ಲಿ ಮುಗಿದದ್ದು, ನಡುವೆ ಒಂದು ಚೂಪು ಕಲ್ಲಿನ ಕಂಬ ಇದೆ. ಸಂಜೆ ಬೆಳಕು ಬೆನ್ನ ಕಡೆಯಿಂದ ಬೀಳುತ್ತಿರುತ್ತದೆ. ಪೂರ್ವಕ್ಕೆ ಹೋಗಿ ಅಂದದ್ದಕ್ಕೆ ಇದೂ ಒಂದು ಲಾಭ, ಕಣ್ಣಿಗೆ ಬಿಸಿಲಿಲ್ಲ.

ಇಲ್ಲಿನ ಅರಮನೆ ಈ ಹೊತ್ತಿಗೆ ಮುಚ್ಚಿದ್ದರೂ ಎದುರಿನ ಚೌಕದಲ್ಲಿ ಕೂರಬಹುದು. ಅಲ್ಲಿ ಜಾದೂಗಾರ ರೋಬೇರ್-ಊದಾಂ ಹೆಸರಿನ ಮನೆ ಇದೆ. ಅವನು ಹುಟ್ಟಿದ್ದು ಈ ಊರಲ್ಲೇ, 1805ರಲ್ಲಿ. ತೆರೆದಿರುವ ದಿನಗಳಲ್ಲಿ ಆ ಮನೆಯ ಕಿಟಕಿಗಳಿಂದ ಯಂತ್ರದ ಡ್ರ್ಯಾಗನ್ ತಲೆಗಳು ಹೊರಗೆ ಇಣುಕುತ್ತವೆ. ಮಕ್ಕಳಿದ್ದರೆ ಕಾದು ನೋಡಿ.

ಪೇಟೆಯ ಮುಖ್ಯ ಬೀದಿಯ ಕೊನೆಗೆ ನೂರಕ್ಕೂ ಹೆಚ್ಚು ಮೆಟ್ಟಿಲಿನ ಒಂದು ದೊಡ್ಡ ಸೋಪಾನ ಇದೆ, ದೆನಿ ಪಾಪಾಂ ಹೆಸರಿನದು. ಯಾರು ಅಂತೀರಾ? 1647ರಲ್ಲಿ ಈ ಊರಿನ ಹತ್ತಿರದ ಹಳ್ಳಿಯಲ್ಲಿ ಹುಟ್ಟಿದವನು. ಬಿಗಿ ಮುಚ್ಚಳದ ಪಾತ್ರೆಯಲ್ಲಿ ಹಬೆಯನ್ನು ಕೂಡಿಟ್ಟು ಮೂಳೆಯನ್ನೂ ಮೆತ್ತಗೆ ಬೇಯಿಸುವ ಯಂತ್ರವನ್ನು 1679ರಲ್ಲಿ ಲಂಡನ್ನಿನಲ್ಲಿ ತೋರಿಸಿದ. ಹೆಚ್ಚಾದ ಹಬೆ ಹೊರಹೋಗಲು ತೂಕದ ವಾಲ್ವ್ ಮಾಡಿದವನೂ ಅವನೇ. ಅಂದರೆ ನಮ್ಮ ಮನೆಯ ಕುಕ್ಕರಿನ, ಬೆಳಿಗ್ಗೆ ಬೇಳೆಗೆ ಮೂರು ಕೂಗು ಕೂಗುವ ಆ ಸೀಟಿಯ, ಮುತ್ತಜ್ಜ. ಹಸಿದ ಹೊಟ್ಟೆಯಲ್ಲಿ ಅವನ ಮೆಟ್ಟಿಲ ಮೇಲೆ ಕೂತು ನಾನು ಬಿಸಿಬಿಸಿ ಅನ್ನ ಸಾರು ನೆನೆದದ್ದು ನಿಜ.

ಸೈಕಲ್ ಹೊತ್ತು ಆ ಮೆಟ್ಟಿಲು ಹತ್ತಲು ಹೋಗಬೇಡಿ, ಸ್ಟೇಷನ್ ಆ ಕಡೆ ಅಲ್ಲ. ಸ್ಟೇಷನ್ ಇರುವುದು ಅರಮನೆಯ ಹಿಂದೆ, ಮೇಲೆ. ದಿನದ ಕೊನೆಯ ಏರು ಅದು. ರೈಲಿಗೆ ಅರ್ಧ ಗಂಟೆ ಮುಂಚೆ ಹೊರಡಿ. ಲೋಕಲ್ ರೈಲಿನಲ್ಲಿ ಸೈಕಲ್ಲಿಗೆ ದುಡ್ಡಿಲ್ಲ, ಬಿಚ್ಚಬೇಕಿಲ್ಲ. ಆದರೆ ಬೇಸಿಗೆ ರಜೆಯಲ್ಲಿ ಕೆಲವು ರೈಲಿಗೆ ಸೈಕಲ್ ಜಾಗವನ್ನು ಮುಂಚೆ ಕಾದಿರಿಸಬೇಕಾಗುತ್ತದೆ, ಟಿಕೆಟ್ ತೆಗೆಯುವಾಗಲೇ ನೋಡಿಕೊಳ್ಳಿ. ಸೈಕಲ್ ಚಿತ್ರ ಇರುವ ಬಾಗಿಲ ಹತ್ತಿರ ನಿಲ್ಲಿ. ರೈಲು ಬರುವ ಮುಂಚೆಯೇ ಪಕ್ಕದ ಚೀಲಗಳನ್ನು ಬಿಚ್ಚಿ ಕೈಗೆ ತಗೊಳ್ಳಿ, ಇಲ್ಲದಿದ್ದರೆ ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತೀರಿ. ಒಳಗೆ ಮುಂದಿನ ಚಕ್ರವನ್ನು ಕೊಕ್ಕೆಗೆ ತೂಗುಹಾಕಿ ಕೂತರೆ ಇಪ್ಪತ್ತು ನಿಮಿಷದ ಆಸುಪಾಸಿನಲ್ಲಿ ಆಂಬ್ವಾಜ್. ಕಿಟಕಿ ಪಕ್ಕ ಎಡಗಡೆ ಕೂತುಕೊಳ್ಳಿ, ಹೊಳೆ ಆ ಕಡೆಗೆ.